ಸುಸ್ತೋ, ಸುಸ್ಥಿರವೋ?

ಕಾಲೇಜಿಗೆ ಹೋಗುವ ಮಕ್ಕಳನ್ನು ಸಾಕುವ ಅಪ್ಪಂದಿರ ಗೋಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಕಾಲೇಜಿಗೆ ಹೋಗುವ ಹೆಂಡತಿಯಿರುವ ಗಂಡನ ಗೋಳು ಕೇಳಿದ್ದೀರಾ? ಇಲ್ಲ ತಾನೆ? ಹಾಗಾದರೆ ಕುಳಿತುಕೊಳ್ಳಿ. (ಫ್ಯಾನ್ ಮಾತ್ರ ಹಾಕಿಕೊಳ್ಳಬೇಡಿ. ಯಾಕೆಂದು ಮುಂದೆ ತಿಳಿಯುತ್ತದೆ.)

ನಮ್ಮ ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೇ ನಿಂತಿದ್ದ ಓದನ್ನು ಮುಗಿಸಬೇಕೆಂದು, ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ನನ್ನಾಕೆ ಮತ್ತೆ ಕಾಲೇಜಿಗೆ ಸೇರಿದಳು. ನಾನು ಒಪ್ಪಿದೆ. (ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಆದರೂ ಒಪ್ಪಿದೆ.) ಮೊದಲ ದಿನ ಆಕೆ ತರಗತಿಗೆ ಕಾಲಿಟ್ಟ ಕೂಡಲೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರಂತೆ. ಮನೆಗೆ ಬಂದು ಅದನ್ನು ಹೇಳಿಕೊಂಡು ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ, ನಮಗೆ ಬೆನ್ನು ತಿರುಗಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಕನ್ನಡಕದ ಅಂಗಡಿಯವನು. ಹತ್ತು ಜನರ ಕಣ್ಣು ನೋಡುವವನಿಗೆ ಮನೆಯವಳ ಕಣ್ಣು ಕಾಣಿಸದೆ ಇರುತ್ತದೆಯೇ? ಏನೇ ಆಗಲಿ, ಈಕೆಯ ಓದಿಗೆ ಬೆನ್ನೆಲುಬಾಗಿ ನಿಲ್ಲಬೇಕೆಂದು ಅಂದೇ ತೀರ್ಮಾನಿಸಿದೆ. ಮುಂದೆ ತನಗೆ ಬರಲಿದ್ದ ಗತಿ ಪಾಪ, ಆ ಬೆನ್ನೆಲುಬಿಗೇನು ಗೊತ್ತಿತ್ತು!

ಒಂದು ಸಂಜೆ ಬಂದವಳೇ ಚೀಲ ಕೆಳಗಿಡುವ ಮೊದಲೇ ಘೋಷಿಸಿದಳು.

"ರೀ, ಇವತ್ತಿಂದ ನಮ್ಮನೇಲಿ ಸುಸ್ಥಿರ ಅಭ್ಯಾಸ ಶುರು. ಪ್ರಾಜೆಕ್ಟು. ಕೊನೇಲಿ ಎಲ್ಲರ ಮುಂದೆ ನಿಂತು ಮಾತಾಡ್ಬೇಕು."

"ಸುಸ್ತಿನ ಅಭ್ಯಾಸ ನನಗೆ ಮೊದಲಿಂದಲೂ ಇದೆಯಲ್ಲೇ?"

"ಸುಸ್ತಲ್ಲ, ಸುಸ್ಥಿರ! ಭೂಮಿಗೆ ಭಾರ ಆಗದ ಹಾಗೆ, ಬಹಳ ಕಾಲ ಉಳಿಯೋ ಅಭ್ಯಾಸ."

"ನನ್ನ ಅಭ್ಯಾಸಗಳೆಲ್ಲ ಬಹಳ ಕಾಲದಿಂದ ಉಳಿದುಕೊಂಡೇ ಬಂದಿವೆ."

"ಅದೇ ನೋಡಿ ತೊಂದರೆ," ಎಂದಳು. ಮಗಳು ಕಿಸಕ್ಕನೆ ನಕ್ಕಳು. ಯಾಕೆ ನಕ್ಕಳೆಂದು ನನಗೆ ಅರ್ಥವಾಗಲಿಲ್ಲ. ಅಲ್ಲಿಂದ ಮುಂದೆ ನಡೆದ ಯಾವುದೂ ನನಗೆ ಅರ್ಥವಾಗಲಿಲ್ಲವಾದ್ದರಿಂದ ಇದನ್ನೇ ಆರಂಭವೆಂದು ಇಟ್ಟುಕೊಳ್ಳಬಹುದು.

ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸದ ಬಾಲಕ್ಕೆ ಗಂಟು ಹಾಕಬೇಕಂತೆ. ಆಗ ಹಳೆಯದು ಹೋದಲ್ಲಿಗೆಲ್ಲ ಹೊಸದೂ ತಾನಾಗಿ ಹಿಂಬಾಲಿಸುತ್ತದಂತೆ. ಅದರಂತೆ, ಚಹಾ ಕುಡಿದ ಕೂಡಲೇ ನಾನು ಗಿಡಕ್ಕೆ ನೀರು ಹಾಕಬೇಕು. ಯಾವುದೇ ಕೋಣೆಯಿಂದ ಹೊರಗೆ ಕಾಲಿಡುವಾಗ ದೀಪ, ಫ್ಯಾನು ಆರಿಸಬೇಕು. ಹೇಳುವುದಕ್ಕೆ ಎಷ್ಟು ಸುಲಭ! ಆದರೆ ನಾನು ಚಹಾದಿಂದಲೇ ಜೀವ ಹಿಡಿದುಕೊಂಡಿರುವ ಪ್ರಾಣಿ. ವಾರ ತುಂಬುವುದರೊಳಗೆ ಬಾಲ್ಕನಿಯ ಗಿಡಗಳಿಗೆ ಜಲೋದರ ಬಂತು. ಕೆಳಗಿನ ಮನೆಯವರು ಮೇಲೆ ಬಂದು, ಬಿಸಿಲಲ್ಲೂ ತಮ್ಮ ಕಿಟಕಿಗೆ ಮಳೆ ಬೀಳುತ್ತಿರುವ ಕಾರಣವನ್ನು ವಿಚಾರಿಸಿಕೊಂಡು ಹೋದರು.

"ಗಿಡಕ್ಕೆ ಯಾಕ್ರೀ ಇಷ್ಟು ನೀರು ಸುರಿದ್ರಿ?"

"ಚಹಾ ಕುಡಿದಾಗೆಲ್ಲ ಅಂದೆಯಲ್ಲ?"

"ಹಾಗಾದ್ರೆ ಚಹಾ ಕಮ್ಮಿ ಮಾಡಿ!"

ನೋಡಿದಿರಾ? ಗಿಡದ ತಪ್ಪಿಗೆ ಗಂಡನಿಗೆ ಶಿಕ್ಷೆ.

ದೀಪದ ಕಥೆ ಇನ್ನೂ ಘೋರ. ಕೈಗೆ ಒಮ್ಮೆ ಅಭ್ಯಾಸ ಹತ್ತಿದ ಮೇಲೆ ಅದಕ್ಕೆ ಮನೆ ಯಾವುದು, ಅಂಗಡಿ ಯಾವುದು? ನಿವೃತ್ತ ಮೇಷ್ಟರೊಬ್ಬರು ಕಣ್ಣು ತೋರಿಸಲು ಬಂದಿದ್ದರು. ಅವರನ್ನು ಒಳಕೋಣೆಯ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಲು ಹೇಳಿ, ಬೇರೆ ಗಾಜು ತರಲು ನಾನು ಹೊರಗೆ ಬಂದೆ. ಬರುತ್ತಾ ಕೈ ತನ್ನಷ್ಟಕ್ಕೆ ತಾನು ಸ್ವಿಚ್ಚು ಒತ್ತಿತು.

"ಏನೂ ಕಾಣ್ತಾ ಇಲ್ಲವಲ್ಲಪ್ಪ!" ಎಂದು ಒಳಗಿನಿಂದ ಮೇಷ್ಟರು ಕೂಗಿದರು.

"ಗಾಬರಿಯಾಗ್ಬೇಡಿ ಸಾರ್, ಸ್ವಲ್ಪ ಪವರ್ ಜಾಸ್ತಿ ಬೇಕಾಗುತ್ತೆ," ಎಂದೆ ಹೊರಗಿನಿಂದ.

"ಅಕ್ಷರ ಇರಲಿ ಮಾರಾಯ, ಗೋಡೇನೇ ಕಾಣ್ತಾ ಇಲ್ಲ!"

ನಾನು ಅಂಗಡಿಯಲ್ಲೇ ಅತಿ ದಪ್ಪನೆಯ ಗಾಜು ಹಿಡಿದು ಓಡಿಬಂದಾಗ ಮೇಷ್ಟರು ಆ ಕತ್ತಲಲ್ಲಿ ಗೋಡೆ ತಡಕಾಡುತ್ತಾ, ತಮಗೆ ಕಣ್ಣು ಹೋಯಿತೆಂದು ಅಳುವುದರಲ್ಲಿದ್ದರು. ಅವರು ಈಗ ಎದುರು ಸಾಲಿನ ಅಂಗಡಿಗೆ ಹೋಗುತ್ತಾರೆ.

ಇದೆಲ್ಲ ಹೋಗಲಿ ಎಂದರೆ ಬಚ್ಚಲಲ್ಲಿ ಬಕೆಟ್ಟುಗಳ ಮೇಳ. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲಕ್ಕೆ, ಉಳಿದದ್ದು ಮೈಗೆ. ಮೂರೂ ಬಕೆಟ್ಟು ನೀಲಿ. ಕನ್ನಡಕ ತೆಗೆದಿಟ್ಟು ಸ್ನಾನ ಮಾಡುವ ನನಗೆ ಮೂರೂ ನೀರು ಗಂಗೆಯೇ. ಸ್ನಾನ ಮುಗಿಸಿ, ತಲೆ ಬಾಚಿ, ಗಮಗಮಿಸುವ ಪೌಡರು ಹಾಕಿಕೊಂಡು ಹೊರಗೆ ಬಂದರೆ ಮಗಳು ನನ್ನ ಕಿವಿಯ ಹಿಂದಿನಿಂದ ಏನನ್ನೋ ಎಳೆದು ತೆಗೆದಳು.

"ಅಮ್ಮಾ, ಅಪ್ಪನ ಮೈಮೇಲೆ ಸೊಪ್ಪು ಬೆಳೀತಾ ಇದೆ!"

"ಅಯ್ಯೋ, ಗಿಡದ ನೀರಲ್ಲಿ ಮಿಂದ್ರಾ? ಹಾಗಾದ್ರೆ ಗಿಡಕ್ಕೇನು ಹಾಕಿದ್ರಿ?"

"ಬಿಸಿನೀರಿತ್ತಲ್ಲ..." ಎಂದೆ ಮೆಲ್ಲಗೆ.

ಸರಿ, ಇನ್ನು ನೀರಿನ ಗೊಡವೆಯೇ ಬೇಡವೆಂದು ಮರುದಿನ ಹಿಂದಿನ ದಿನದ ಅಂಗಿಯನ್ನೇ ತೊಟ್ಟು ಹೊರಟೆ. ಒಗೆಯುವ ನೀರು ಉಳಿಯಿತು, ಭೂಮಿ ತಣ್ಣಗಿರಲಿ!

"ಇದೇನ್ರೀ, ನಿನ್ನೆ ಅಂಗಿ?"

"ಸುಸ್ಥಿರ."

"ಅದು ಸುಸ್ಥಿರ ಅಲ್ಲ, ಸೋಮಾರಿತನ. ಬಿಚ್ಚಿ!"

ಎರಡರ ನಡುವಿನ ಗೆರೆ ಎಲ್ಲಿದೆಯೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಉಳಿದ ಅನ್ನ ಬಿಸಾಡಿದರೆ ದುಂದು, ಅದನ್ನೂ ನಾನೇ ತಿಂದು ಮುಗಿಸಿದರೆ ಹೊಟ್ಟೆಬಾಕತನ. ಅಂಗಡಿಗೆ ನಡೆದು ಹೋದರೆ ಜಾಣ, ನಡೆದು ಹೋಗಿ ತಡವಾಗಿ ಬಂದರೆ ಕೋಣ.

ಪ್ರಾಜೆಕ್ಟಿನ ದಿನ ಹತ್ತಿರವಾದಂತೆ ನನ್ನಾಕೆಯ ಮುಖ ಸಣ್ಣದಾಗತೊಡಗಿತು. ಅಡುಗೆ ಮಾಡುತ್ತಾ ತನ್ನಷ್ಟಕ್ಕೆ ಮಾತಾಡಿಕೊಳ್ಳುವಳು, ನಡುವೆ ತಡವರಿಸಿ ನಿಲ್ಲಿಸುವಳು. "ಆ ಮಕ್ಕಳೆಲ್ಲ ಪಟಪಟ ಅಂತ ಮಾತಾಡ್ತಾರೆ ಕಣ್ರೀ. ನನಗೆ ನಿಂತ ಕೂಡಲೇ ಕೈ ನಡುಗುತ್ತೆ. ನಗ್ತಾರೇನೋ," ಎಂದಳು ಒಂದು ದಿನ. ನನ್ನ ಬೆನ್ನೆಲುಬು ನೆಟ್ಟಗಾಯಿತು. ಏನಾದರೂ ಮಾಡಲೇಬೇಕು!

ಮಾಡಿದೆ. ಆಕೆ ಕಾಲೇಜಿಗೆ ಹೋದ ಹೊತ್ತಿನಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಗುಜರಿಯವನನ್ನು ಕರೆದು ಒಪ್ಪಿಸಿ, ಫಳಫಳ ಹೊಳೆಯುವ ಹೊಸ ಸ್ಟೀಲ್ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದೆ. ಸಂಜೆ ಆಕೆಯ ಕಣ್ಣು ಮುಚ್ಚಿ ಅಡುಗೆಮನೆಗೆ ಕರೆದೊಯ್ದು ಕೈ ತೆಗೆದೆ.

"ಡಬ್ಬಿಗಳೆಲ್ಲಿ?"

"ಪ್ಲಾಸ್ಟಿಕ್ ರಾಕ್ಷಸ ನಿರ್ನಾಮ!"

"ತಳಕ್ಕೆ ತೂತು ಹಾಕಿ ಅವುಗಳಲ್ಲಿ ಸಸಿ ಬೆಳೆಸೋಣ ಅಂತ ಇದ್ದೆನಲ್ರೀ... ಅದ್ಸರಿ, ಯಾವ ಡಬ್ಬಿಯಲ್ಲಿ ಸಕ್ಕರೆ, ಯಾವುದರಲ್ಲಿ ಉಪ್ಪು?"

ಅದನ್ನು ನಾನು ಯೋಚಿಸಿರಲಿಲ್ಲ. ಆಕೆ ಒಂದು ಡಬ್ಬಿ ತೆರೆದು ನೋಡಿದಳು. ಉಪ್ಪೂ ಸಕ್ಕರೆಯೂ ಒಂದರಲ್ಲೇ ಅನ್ಯೋನ್ಯ ದಾಂಪತ್ಯ ನಡೆಸುತ್ತಿದ್ದವು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನನ್ನನ್ನೇ ದಿಟ್ಟಿಸಿದಳು, ನಾನು ಗಾಜನ್ನು ಬೆಳಕಿಗೆ ಹಿಡಿದು ನೋಡುವಂತೆ.

"ಪರವಾಗಿಲ್ಲ ಬಿಡಿ. ಇದೂ ಸೇರಿಕೊಳ್ಳುತ್ತೆ," ಎಂದಳು. "ಶನಿವಾರ ನೀವೂ ಕಾಲೇಜಿಗೆ ಬರ್ಬೇಕು. ನೀವಿಲ್ಲದೆ ನನ್ನ ಪ್ರಾಜೆಕ್ಟೇ ಇಲ್ಲ."

ಅಂತೂ ನನ್ನ ತ್ಯಾಗ ಯಾರಿಗಾದರೂ ಕಂಡಿತಲ್ಲ! ಶನಿವಾರ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಸನ್ಮಾನಕ್ಕೆ ಉತ್ತರವಾಗಿ ಎರಡು ಮಾತು ಬಾಯಿಪಾಠ ಮಾಡಿಕೊಂಡು ಹೋದೆ. ಪಾಠ ಹೇಳುವ ಮೇಡಂ ಬಾಗಿಲಲ್ಲೇ ಎದುರುಗೊಂಡು, "ನಿಮ್ಮ ಬಗ್ಗೆ ತುಂಬಾ ಕೇಳಿದೀವಿ ಸಾರ್," ಎಂದು ನನ್ನನ್ನು ವೇದಿಕೆಗೇ ಕರೆದೊಯ್ದರು. ಅಲ್ಲಿ ಒಂದು ಸಾಲು. ಮೊದಲು ಗೊಬ್ಬರದ ಮಡಕೆ, ಪಕ್ಕದಲ್ಲಿ ಹಳೆ ಪ್ಯಾಂಟಿನಿಂದ ಹೊಲಿದ ಚೀಲ, ಆಮೇಲೆ ಬಾಟಲಿಯಲ್ಲಿ ಬೆಳೆದ ಸಸಿ, ಅದರ ಪಕ್ಕದಲ್ಲಿ ನನ್ನ ಕುರ್ಚಿ. ಅತಿಥಿಗಳನ್ನು ಕೂರಿಸುವ ಪದ್ಧತಿ ಈಗ ಬದಲಾಗಿರಬೇಕು ಎಂದುಕೊಂಡೆ.

ನನ್ನಾಕೆ ಮೈಕಿನ ಮುಂದೆ ಬಂದಳು. ಕೈ ನಡುಗುತ್ತಿತ್ತು. ಹೆದರಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ.

"ನನ್ನ ಪ್ರಾಜೆಕ್ಟಿನ ವಿಷಯ..." ಆಕೆ ನನ್ನ ಕಡೆ ತಿರುಗಿದಳು. "ಐವತ್ತು ದಾಟಿದ ಗಂಡನಿಗೆ ಸುಸ್ಥಿರ ಅಭ್ಯಾಸ ಕಲಿಸಬಹುದೇ ಅಂತ. ಪ್ರಯೋಗದ ವಸ್ತು ಇಲ್ಲೇ ಕೂತಿದೆ."

ಕೂತಿದ್ದಾರೆ ಅಲ್ಲ. ಕೂತಿದೆ! ಸಭೆ ಗೊಳ್ಳೆಂದಿತು. ಮೂರನೇ ಸಾಲಿನಲ್ಲಿ ನನ್ನ ಮಗಳು ಹೊಟ್ಟೆ ಹಿಡಿದುಕೊಂಡಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ಎದ್ದು ಓಡಿಬಿಡೋಣವೆನಿಸಿತು. ಆದರೆ ಆ ನಗುವಿನ ನಡುವೆ ನನ್ನಾಕೆಯ ಕೈ ನಡುಗುವುದು ನಿಂತಿತು. ಧ್ವನಿ ಏರಿತು. ಗಿಡ, ಮೇಷ್ಟರು, ಸೊಪ್ಪು, ಉಪ್ಪು, ಒಂದನ್ನೂ ಬಿಡಲಿಲ್ಲ. ಪಟಪಟ ಮಾತಾಡುವ ಆ ಮಕ್ಕಳೇ ಬಾಯಿ ಬಿಟ್ಟುಕೊಂಡು ಕೇಳಿದರು. ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪ್ರಯೋಗದ ವಸ್ತು ಚಪ್ಪಾಳೆ ತಟ್ಟಬಹುದೋ ಇಲ್ಲವೋ, ಗೊತ್ತಾಗಲಿಲ್ಲ.

ಮೊದಲ ಬಹುಮಾನ ಆಕೆಗೇ ಬಂತು. ನಾನು ಬಾಯಿಪಾಠ ಮಾಡಿದ್ದ ಎರಡು ಮಾತು ಬಾಯಲ್ಲೇ ಉಳಿದವು. ವೇದಿಕೆ ಇಳಿಯುತ್ತಿದ್ದಂತೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿಬಂದು ನನ್ನಾಕೆಯ ಕೈ ಹಿಡಿದಳು.

"ಆಂಟಿ, ಮುಂದಿನ ಸೆಮಿಸ್ಟರ್‌ಗೆ ನನ್ನ ವಿಷಯ ಮರೆವು. ಅಂಕಲ್‌ನ ಸ್ವಲ್ಪ ದಿನಕ್ಕೆ ಕೊಡ್ತೀರಾ?"

"ತಗೊಂಡು ಹೋಗಮ್ಮ. ಭಾನುವಾರ ಮಾತ್ರ ಬೇಡ, ಮನೆ ಒರೆಸೋದಿರುತ್ತೆ."

ನನಗೆ ರೇಗಿತು. "ಅಲ್ಲಾ, ನನ್ನನ್ನೂ ಒಂದು ಮಾತು ಕೇಳ್ಬಾರ್ದಾ?" ಎಂದೆ.

ಹುಡುಗಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದು, ನನ್ನಾಕೆಯ ಕಿವಿಯಲ್ಲಿ ಪಿಸುಗುಟ್ಟಿದಳು:

"ಆಂಟಿ, ಇದು ಮಾತೂ ಆಡುತ್ತಾ?"