ಮೇಸ್ತ್ರಿಯ ಒಳಪೈಪಿನ ತಪಾಸಣೆ

"ಊರವರ ಪೈಪನ್ನೆಲ್ಲ ಬರೀ ತಟ್ಟಿ ನೋಡಿ ರೋಗ ಹೇಳೋನು ನಾನು. ನನ್ನ ಹೊಟ್ಟೆಯೊಳಗಿನ ಪೈಪು ನನಗೆ ತಿಳಿಯದೇನೇ?" ಎಂದು ಕೊಳಾಯಿ ಮೇಸ್ತ್ರಿ ಮೀಸೆ ತಿರುವಿದ. ಅವನ ಅಣ್ಣನೂ ಹೀಗೇ ಮೀಸೆ ತಿರುವುತ್ತಲೇ ದೊಡ್ಡ ಕರುಳಿನ ಕ್ಯಾನ್ಸರಿಗೆ ತುತ್ತಾಗಿದ್ದ. ಹೆಂಡತಿ ಪಟ್ಟು ಬಿಡಲಿಲ್ಲ.

"ಕರುಳೊಳಗೆ ಕ್ಯಾಮೆರಾ ಬಿಡೋದು ಬೇಡ ಅಂದ್ರೆ ಸ್ಕ್ಯಾನ್ ಆದ್ರೂ ಮಾಡಿಸ್ಕೊಳ್ಳಿ. ನಿಮ್ಮ ಅತ್ತಿಗೆ ಪಾಡು ನೋಡಿದೀನಿ. ನನಗೆ ಆ ಗತಿ ತರಬೇಡಿ."

ಮೇಸ್ತ್ರಿ ಕೊನೆಗೂ ಒಪ್ಪಿದ. ಸ್ಕ್ಯಾನಿನ ಮುನ್ನಾದಿನ ಕರುಳು ತೊಳೆಯುವ ಔಷಧಿ ಕುಡಿಯಬೇಕಿತ್ತು. "ಕುಡಿದ ಮೇಲೆ ಕಕ್ಕಸಿನ ಹತ್ತಿರಾನೇ ಇರಿ" ಎಂದಿದ್ದಳು ನರ್ಸು. ಮೇಸ್ತ್ರಿ ಅಕ್ಷರಶಃ ಪಾಲಿಸಿದ. ಎರಡು ವರ್ಷದಿಂದ ಸೋರುತ್ತಿದ್ದ ಮನೆಯ ಕಮೋಡನ್ನೇ ಬಿಚ್ಚಲು ಕುಳಿತ!

"ಔಷಧಿ ಇಳಿಯೋಕೆ ಎರಡು ತಾಸು ಬೇಕು. ಕೈಕಟ್ಟಿ ಕೂರೋ ಜಾಯಮಾನ ನನ್ನದಲ್ಲ ಕಣೇ!"

ಇಪ್ಪತ್ತೇ ನಿಮಿಷ! ಕಮೋಡು ಬಾಲ್ಕನಿಯಲ್ಲಿ, ಬೋಲ್ಟು ಬಕೆಟ್ಟಿನಲ್ಲಿ, ಮೇಸ್ತ್ರಿ ಒಂಟಿಕಾಲಿನಲ್ಲಿ. ಹೊಟ್ಟೆಯೊಳಗೆ ಅಣೆಕಟ್ಟಿನ ಬಾಗಿಲು ತೆರೆದ ಸದ್ದು! ಎದ್ದೆನೋ ಬಿದ್ದೆನೋ ಎಂದು ಕೆಳಗಿನ ಮನೆಗೆ ಓಡಿದ.

"ಟೀಚರಮ್ಮಾ, ಅರ್ಜೆಂಟು!"

ಟೀಚರಮ್ಮ ಬಾಗಿಲಿಗೆ ಅಡ್ಡ ನಿಂತು ಕನ್ನಡಕ ಸರಿಪಡಿಸಿಕೊಂಡರು. "ನನ್ನ ಅಡುಗೆಮನೇಲಿ ಸೋರೋ ನಲ್ಲೀನೂ ಅರ್ಜೆಂಟೇ ಮೇಸ್ತ್ರಿ. 'ನಾಳೆ ಬರ್ತೀನಿ' ಅಂದು ನಾಲ್ಕು ತಿಂಗಳಾಯ್ತು."

"ಇವತ್ತೇ ಮಾಡ್ಕೊಡ್ತೀನಿ, ದಾರಿ ಬಿಡಿ ತಾಯೀ!"

ಹನ್ನೊಂದು ಸಲ ಒಳಹೊಕ್ಕ. ನಡುನಡುವೆ ನಲ್ಲಿಯ ವಾಷರ್ ಬದಲಿಸಿದ. ಸಂಜೆಗೆ ನಲ್ಲಿಯೂ ನಿಂತಿತು, ಹೊಟ್ಟೆಯೂ ನಿಂತಿತು. ಕಮೋಡು ಮಾತ್ರ ಬಾಲ್ಕನಿಯಲ್ಲಿ ಬೀದಿ ನೋಡುತ್ತ ಕೂತೇ ಇತ್ತು.

ಮರುದಿನ ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಪುಟ್ಟದೊಂದು ಕೊಳವೆ ಹಿಡಿದು ಬಂದ. "ಹಿಂದಿನಿಂದ ಒಂಚೂರು ಗಾಳಿ ತುಂಬ್ತೀವಿ ಯಜಮಾನ್ರೇ. ಕರುಳು ಉಬ್ಬಿದ್ರೆ ಒಳಗೋಡೆ ಚೆನ್ನಾಗಿ ಕಾಣುತ್ತೆ."

"ನಾವೂ ಗಾಳಿ ತುಂಬೇ ಸೋರಿಕೆ ಹಿಡಿಯೋದು ಕಣಪ್ಪಾ. ಪ್ರೆಷರ್ ಎಷ್ಟಿಟ್ಟಿದೀಯ?"

ಬಾಯಿ ಜೋರಾಗಿತ್ತು. ಒಳಗೊಳಗೆ ಮಾತ್ರ ಅಣ್ಣ ನೆನಪಾಗಿದ್ದ. ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಒಮ್ಮೆ, ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು.

ಚಿತ್ರಗಳನ್ನು ನೋಡಿದ ಡಾಕ್ಟರು ನಕ್ಕರು. "ಗಂಟಿಲ್ಲ, ಗಡ್ಡೆಯಿಲ್ಲ. ಇಷ್ಟು ಚೊಕ್ಕಟವಾದ ಕರುಳು ನಾನು ನೋಡೇ ಇಲ್ಲ! ಇನ್ನು ಐದು ವರ್ಷ ಬಿಟ್ಟು ಬನ್ನಿ."

ಹೆಂಡತಿ ಗೋಡೆಗೊರಗಿ ಕಣ್ಣೊರೆಸಿಕೊಂಡಳು. ಮೇಸ್ತ್ರಿಯ ಎದೆಯ ಮೇಲಿನ ಬಂಡೆ ಇಳಿಯಿತು. ಅದು ಇಳಿದದ್ದೇ ತಡ, ಮೀಸೆ ಮೇಲೇರಿತು. "ನೋಡಿದ್ಯೇನೇ? ಪೈಪು ಅಂದ್ರೆ ನಾನು!"

"ಡಾಕ್ಟ್ರೇ," ಎಂದಳು ಅವಳು ಮೂಗೊರೆಸಿಕೊಳ್ಳುತ್ತ, "ಐದು ವರ್ಷ ಸಾಲದು. ಇವರು ನಮ್ಮನೆ ಕಮೋಡು ಕೂರಿಸಿದ ಮೇಲೆ ಬರ್ತೀವಿ."