ಐತವಾರದ ಮುಯ್ಯಾಳು

ಒಂದ ಐತವಾರ ಆದ್ರೂ ನಮ್ಮಲ್ಲಿ ಸುಮ್ಮ ಹೋಗಿದ್ದು ನನಗ ನೆನಪಿಲ್ಲ. ಪೂಜಾ ನಾ ಮಾಡ್ತೀನಿ, ಉಳದದ್ದೆಲ್ಲಾ ನಮ್ಮ ಮಂದಿ ಮಾಡ್ತಾರ.

ನಾ ಒಬ್ಬ ಕಥೋಲಿಕ ಫಾದರ್. ಬೆಳದದ್ದು ವಿಜಯಪುರದ ಪ್ಯಾಟ್ಯಾಗ; ಹೊಲ ಅಂಬೂದನ್ನ ನೋಡಿದ್ದು ಬಸ್ಸಿನ ಖಿಡಕ್ಯಾಗಿಂದ. ಈಗ ಮಹಾರಾಷ್ಟ್ರದ ಜತ್ತ ತಾಲೂಕಿನ್ಯಾಗ, ಸೋನ್ಯಾಳದ ಆಚಿಗೆ ಒಂದ ವಸ್ತಿಯೊಳಗ, ತಗಡಿನ ಪತ್ರಾಸ ಹೊದಿಸಿದ ಸಣ್ಣ ಚರ್ಚ್ ನನ್ನದು. ನಮ್ಮವ್ರ ಮನಿ ಬೆರಳ ಮ್ಯಾಲ ಎಣಸುವಷ್ಟು. ಸುತ್ತ ಎಲ್ಲಾ ಕುರಿ ಕಾಯೋರು, ಒಕ್ಕಲುತನದವ್ರು, ಕೂಲಿ ಮಾಡೂ ಬೌದ್ಧರ ಮನಿಗಳು.

ಈ ವರ್ಷ ಬಿಷಪ್ಪರು ನನ್ನ ಕರದು ಅಂದ್ರು: "ಅಷ್ಟ ಮಂದಿಗೆ ವಾರಾ ವಾರಾ ಪೂಜಾ ಯಾಕ ಫಾದರ್? ಒಂದ ಐತವಾರ ನಾನ ಬಂದ ನೋಡ್ತೀನಿ. ಚರ್ಚ್ ಖಾಲಿ ಕಂಡ್ರ ಬಂದ್ ಮಾಡಿ ನಿಮ್ಮನ್ನ ಶಹರಕ್ಕ ಹಾಕ್ತೀನಿ."

ಶಹರಕ್ಕ ಹಾಕ್ತೀನಿ ಅಂದ್ರ ಬ್ಯಾರೆಯವ್ರು ಕುಣೀತಾರ. ನನಗ ಬ್ಯಾಡಾಗಿತ್ತು. ಈ ಮಂದೀನ್ನ ಬಿಟ್ಟ ಹ್ಯಾಂಗ ಹೋಗೂದ್ರಿ? ಎಂಥಾ ಮಂದಿ ಅಂತ ಹೇಳ್ತೀನಿ, ಕೇಳ್ರಿ.

ಶಾಂತಿ ಹೇಳೂದು

ಪೂಜಾದ ನಡುವ ಒಂದ ಹೊತ್ತ ಬರ್ತೈತಿ. ಬಾಜೂದವ್ರಿಗೆ ಕೈ ಮುಗದು "ಸಮಾಧಾನ ಇರಲಿ" ಅನಬೇಕು, ಮುಂದ ನಡೀಬೇಕು. ಶಹರದಾಗ ಸೀನೂದ್ರಾಗ ಮುಗೀತೈತಿ.

ನಮ್ಮಲ್ಲಿ ಹಂಗಲ್ಲ. ಕೈ ಮುಗದ ಮ್ಯಾಲ ಮಾತಾಡಸಲಿಲ್ಲಂದ್ರ "ಇವಗೇನ ಸಿಟ್ಟ ಬಂದೈತಿ?" ಅಂತಾರ.

"ಸಮಾಧಾನ ಇರಲಿ."

"ನಿಮಗೂ ಇರಲ್ರಿ. ಆರಾಮ? ಎಮ್ಮಿ ಈತೇನು?"

"ಈತ್ರಿ, ಹೆಣ್ಣಗರ. ನಿಮ್ಮ ಮಗಳ ಬಂದಾಳಂತ?"

ಒಂದ ಐತವಾರ ನಾ ಪೀಠದ ಮುಂದ ನಿಂತೆ, ನಿಂತೆ, ಕೆಮ್ಮಿದೆ, ಕಡೀಗೆ ಗಂಟೀನೂ ಬಾರಿಸಿದೆ. ಹಿಂದಿನ ಸಾಲಿನ್ಯಾಗಿಂದ ಒಬ್ಬ ಹಿರ್ಯಾ ಕೈ ಎತ್ತಿ, "ಫಾದರ, ಜರಾ ತಡೀರಿ. ಸಂಬಂಧ ಕೂಡಾಕತ್ತೈತಿ" ಅಂದ.

ಖರೇನ ಕೂಡಿತು. ಲಗ್ನದ ದಿನ ಬೀಗರು ನನಗ ಶಾಲ ಹೊಚ್ಚಿ ಅಂದ್ರು: "ನಿಮ್ಮ ಪೂಜಾ ಭಾಳ ಚಲೋ ಫಾದರ. ಆ ಮಾತಾಡೂ ಹೊತ್ತಷ್ಟ ಜರಾ ಉದ್ದ ಮಾಡ್ರಿ. ನಮ್ಮ ಸಣ್ಣ ಮಗಳದು ಇನ್ನಾ ಉಳದೈತಿ."

ಉಳದದ್ದು

ಅಮಾಸಿ ಬಂತಂದ್ರ ಮಂದಿ ಗುಡ್ಡಾಪುರದ ದಾನಮ್ಮನ ಗುಡಿಗೆ ನಡಕೋತ ಹೊಂಟಿರ್ತಾರ. ಒಂದ ಐತವಾರ ಬಿಸಲಿಗೆ ಬಳಲಿದ ಒಂದ ಗುಂಪು ನೆಳ್ಳಿಗೆ ಅಂತ ನಮ್ಮ ಚರ್ಚಿನ್ಯಾಗ ಬಂದ ಕುಂತ್ರು. ಅವತ್ತಿನ ಶುಭಸಂದೇಶ, ಯೇಸುಸ್ವಾಮಿ ಐದ ರೊಟ್ಟಿ ಎರಡ ಮೀನಿನ್ಯಾಗ ಸಾವಿರಾರ ಮಂದಿಗೆ ಉಣಿಸಿ, ಮ್ಯಾಲ ಹನ್ನೆರಡ ಬುಟ್ಟಿ ಉಳದದ್ದು. ನನಗ ರಂಗ ಏರಿತು. "ಇದ್ದದ್ದನ್ನ ಹಂಚ್ರಿ! ನಾಳಿಗಂತ ಮುಚ್ಚಿ ಇಡಬ್ಯಾಡ್ರಿ!" ಅಂತ ಪ್ರಬೋಧನೆ ಹೇಳಿದೆ.

ಪರಮಪ್ರಸಾದ ಹಂಚೂ ಹೊತ್ತಿಗೆ ನಮ್ಮವ್ರು ಸಾಲ ಹಚ್ಚಿದ್ರು. ಅವ್ರ ಹಿಂದ ಈ ಗುಂಪೂ ನಿಂತಿತು. ಪ್ರಸಾದ ಅಂದ ಮ್ಯಾಲ ಎಲ್ಲಾರ್ಗೂ ಅಲ್ಲೇನು? ಆದ್ರ ದೀಕ್ಷಾಸ್ನಾನ ಆದವ್ರಿಗಷ್ಟ ಕೊಡೂದು ನಮ್ಮ ನೇಮ. ನಾ ಅವ್ರ ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಮಾಡಿದೆ. ಒಬ್ಬ ಅಜ್ಜ ತನ್ನ ಖಾಲಿ ಅಂಗೈ ನೋಡಿಕೋತ, "ಅವರಿಗೆ ಕೈಯಾಗ, ನಮಗ ತಲಿ ಮ್ಯಾಲೇನ್ರಿ?" ಅಂದ.

ಪೂಜಾದಾಗ ಹಾಡ ಹೇಳೂ ಹೆಣಮಗಳು, ಎಲ್ಲಾರೂ ಅಕ್ಕ ಅಂತ ಕರೆಯೂವಾಕಿ, ಎದ್ದ ಬಂದ್ಲು. "ಅಜ್ಜಾ, ಅದ ನಮ್ಮ ಪಾಲಿಂದು. ನಿಮ್ಮ ಪಾಲ ಹೊರಗ ಐತಿ, ಬರ್ರಿ" ಅಂತ ಎಲ್ಲಾರನೂ ಕರಕೊಂಡ ಹೋದ್ಲು. ಅಕ್ಕನ ಪುಣ್ಯಾ, ಬಚಾವಾದೆ ಅಂದ್ಕೊಂಡೆ.

ಪೂಜಾ ಮುಗಿಸಿ ಹಿಂದಿನ ಖೋಲಿಗೆ ಹೋದೆ. ಹೊಟ್ಟಿ ಚುರುಚುರು ಅನ್ನಾಕತ್ತಿತ್ತು. ಮಂದಿ ಮನಿಯಿಂದ ತಂದಿಟ್ಟ ಸಜ್ಜಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಎಲ್ಲಿ ನೋಡಿದ್ರೂ ಇಲ್ಲ.

"ಅಕ್ಕಾ, ನನ್ನ ಊಟ?"

"ನೀವ ಹೇಳಿದ್ರೆಲ್ಲಾ, ಇದ್ದದ್ದನ್ನ ಹಂಚ್ರಿ ಅಂತ. ಹಂಚಿದೆ."

"ಎಲ್ಲಾನೂ? ಏನೂ ಉಳೀಲಿಲ್ಲೇನು?"

"ಉಳದೈತಲ್ರಿ ಫಾದರ. ಬುಟ್ಟಿ ಉಳದೈತಿ."

ಬದಲಿ

ಈ ಅಕ್ಕನ ಬಾಜೂ ಮನಿ ಒಬ್ಬ ಮುದಕಿ ಆಯಿದು. ಕುರಿ ಕಾಯೂ ಮನಿತನ, ಜೋಡಿಗೆ ಒಂದಿಷ್ಟ ಒಣ ಹೊಲ. ಆಕಿ ದೇವರ ಬ್ಯಾರೆ. ಆದ್ರ ಒಂದ ಐತವಾರ ಪೂಜಾ ಮುಗದು ನೋಡ್ತೀನಿ, ಅಕ್ಕ ಕೂಡೂ ಜಾಗಾದಾಗ ಆಯಿ ತಲಿ ತುಂಬ ಸೆರಗ ಹೊತ್ತ ಕುಂತಾಳ.

"ಆಯೀ, ಅಕ್ಕ ಎಲ್ಲಿ?"

"ಕೂಲಿಗೆ ಹೋಗ್ಯಾಳ್ರಿ ಯಪ್ಪಾ. ಆಕಿ ಮುಯ್ಯಾಳ ನಾ ಬಂದೀನಿ."

ಇವತ್ತ ನೀ ನನ್ನ ಹೊಲಕ್ಕ ದುಡ್ಯಾಕ ಬಾ, ನಾಳಿ ನಾ ನಿನ್ನ ಹೊಲಕ್ಕ ಬರ್ತೀನಿ, ಇದ ಮುಯ್ಯಾಳು. ರೊಕ್ಕದ ಮಾತಿಲ್ಲ, ಆಳಿಗೆ ಆಳು. ಹೊಲಕ್ಕ ಸರಿ. ಪೂಜಾಕ್ಕ ಮುಯ್ಯಾಳ ಕಳಿಸಿದ್ದು ನಾ ಎಂದೂ ಕೇಳಿರಲಿಲ್ಲ.

"ಹೋದ ವಾರ ಆಕಿ ನನ್ನ ಸಜ್ಜಿ ಹೊಲದಾಗ ಕಸ ತಗದಾಳ. ಮುಯ್ಯಿ ತೀರಸಬೇಕಲ್ರಿ?"

ನನಗ ಸಿಟ್ಟ ಬಂತು. "ಆಯೀ, ದೇವರ ಮುಂದ ಬದಲಿ ಆಳ ನಡ್ಯಾಂಗಿಲ್ಲ! ಅವರವರ ಪೂಜಾಕ್ಕ ಅವರವರ ಬರಬೇಕು!"

ಆಯಿ ಅಲ್ಲಾಡಲಿಲ್ಲ. "ಯಾಕ ನಡ್ಯಾಂಗಿಲ್ಲ? ಈಗರ ಹೇಳಿದ್ರಿ, ಯೇಸಪ್ಪ ಎಲ್ಲಾರ ಬದಲಿ ತಾನ ಶಿಲುಬಿ ಏರಿದಾ ಅಂತ. ಅಂವ ಮುಯ್ಯಾಳ ಅಲ್ಲೇನು?"

"ಹೋಗ್ಲಿ, ಇನ್ನ ಮನಿಗೆ ನಡಿ ಆಯಿ" ಅಂದೆ.

"ನಡೀತೀನಿ. ಮದ್ಲ ಇಷ್ಟ ಹೇಳ್ರಿ, ಅವನ ಮುಯ್ಯಿ ತೀರಸಾವ್ರು ಯಾರು?"

ದ್ರಾಕ್ಷಿ ತ್ವಾಟ

ಬಿಷಪ್ಪರು ಬರೂ ಐತವಾರ ಗೊತ್ತಾತು. ಮನಿ ಮನಿಗೆ ಹೋಗಿ, "ಆ ದಿನ ಯಾರೂ ತಪ್ಪಸಬ್ಯಾಡ್ರಿ. ಚರ್ಚ್ ಖಾಲಿ ಕಂಡ್ರ ಪೂಜಾನೂ ಹೋತು, ನಾನೂ ಹೋದೆ" ಅಂತ ಕೈ ಮುಗದು ಬಂದೆ.

ನನ್ನ ನಸೀಬ ನೋಡ್ರಿ, ಅದ ವ್ಯಾಳ್ಯಾಕ್ಕ ದ್ರಾಕ್ಷಿ ಛಾಟಣಿ ಬಂತು. ಬಳ್ಳಿ ಕತ್ತರಸೂ ಕೆಲಸ ಮಳಿ ಹೊಳವಾದ ದಿನಾನ ಆಗಬೇಕು, ನಾಳಿಗೆ ಅನ್ನೂ ಹಂಗಿಲ್ಲ. ಆ ಐತವಾರ ಹೊತ್ತ ಹೊಂಡೂದ್ರಾಗ ತ್ವಾಟದ ಗಾಡಿ ಬಂದು ನಮ್ಮವ್ರನ್ನೆಲ್ಲಾ ತುಂಬಕೊಂಡ ಹೋತು. ಅಕ್ಕ ಗಾಡ್ಯಾಗಿಂದ ಕಣ್ಣ ಒರಸಿಕೋತ ಹೋದ್ಲು.

ಬಿಷಪ್ಪರು ಬಂದ್ರು. "ಮಂದಿ?" ಅಂದ್ರು. "ಬರ್ತಾರ್ರಿ" ಅಂದೆ. ಯಾರ ಬರ್ತಾರ ಅಂತ ನನಗ ಗೊತ್ತಿರಲಿಲ್ಲ.

ಪೂಜಾದ ಅರಿವಿ ತೊಟ್ಟ ಹೊರಗ ಬರ್ತೀನಿ, ಚರ್ಚ್ ಕಾಲಿಡಾಕ ಜಾಗಾ ಇಲ್ಲ! ಕುರಿ ಕಾಯೋರ ತಲಿಗೆ ಪಟಗಾ, ಹೆಗಲಿಗೆ ಕಂಬಳಿ, ಹಣಿ ತುಂಬ ಅರಿಷಿಣದ ಭಂಡಾರ. ಮುಂದಿನ ಸಾಲಿಗೆ ಬೌದ್ಧರ ಮನಿ ಹೆಣಮಕ್ಕಳು. ಅಕ್ಕನ ಜಾಗಾದಾಗ ಆಯಿ. ಅಕ್ಕನ ಬದಲಿ ಬಂದ ಮ್ಯಾಲ ಹಾಡೂದೂ ಆಯಿ ಪಾಲಿಗೆ ಬಂತಲ್ಲ, ಹಾಡಿದ್ಲು, ಬೀಸುಕಲ್ಲಿನ ರಾಗದಾಗ. ಬಿಷಪ್ಪರು ನನ್ನ ಕಿವ್ಯಾಗ, "ಈ ಧಾಟಿ ಭಾಳ ಹಳೇದೇನು?" ಅಂದ್ರು. "ಭಾಳ ಹಳೇದ್ರಿ" ಅಂದೆ.

ಅವತ್ತ ಬಿಷಪ್ಪರು ಓದಿದ ಶುಭಸಂದೇಶ ಕೇಳ್ರಿ: ಒಬ್ಬ ಮಾಲಕ ಮುಂಜಾನೆದ್ದು ತನ್ನ ದ್ರಾಕ್ಷಿ ತ್ವಾಟಕ್ಕ ಆಳ ಕರಕೊಂಡ ಹೋಗ್ತಾನ, ಸಂಜೀ ಮುಂದ ಬಂದ ಆಳಿಗೂ ಪೂರಾ ಪಗಾರ ಕೊಡ್ತಾನ. ಮಂದಿ ತಲಿ ಹಾಕಿ ಹಾಕಿ ಕೇಳಿದ್ರು. ಶಾಂತಿ ಹೇಳೂ ಹೊತ್ತಿಗೆ ಒಬ್ಬ ಹಿರ್ಯಾ ಬಿಷಪ್ಪರ ಕೈ ಹಿಡದು, "ಆರಾಮ್ರಿ? ಮಕ್ಕಳ ಎಷ್ಟ ಮಂದಿ?" ಅಂತ ಕೇಳಿದ. ಅದೂ ದಾಟಿತು.

ಪರಮಪ್ರಸಾದ ಹಿಡಕೊಂಡ ಬಿಷಪ್ಪರು ಮುಂದ ಬಂದ ನಿಂತ್ರು. ಒಬ್ಬರೂ ಏಳಲಿಲ್ಲ. ಅಷ್ಟ ತುಂಬಿದ ಚರ್ಚಿನ್ಯಾಗ ಒಂದ ಪಿಳ್ಳೇನೂ ಏಳಲಿಲ್ಲ.

"ಯಾಕ ಯಾರೂ ಬರವಲ್ರು?" ಅಂತ ಬಿಷಪ್ಪರು ಮರಾಠ್ಯಾಗ ಕೇಳಿದ್ರು.

ಆಯಿ ಎದ್ದ ನಿಂತ್ಲು. "ಅದ ಅವರ ಪಾಲಿಂದ್ರಿ ಸ್ವಾಮ್ಯಾರ. ನಾವ ಮುಟ್ಟಾಂಗಿಲ್ಲ. ನಾವ ಮುಯ್ಯಾಳ."

"ಹಂಗಾರ ಅವರೆಲ್ಲಿ?"

"ಈಗರ ಓದಿದ್ರೆಲ್ಲಾ, ಮುಂಜಾನೆದ್ದು ಕರಕೊಂಡ ಹೋದಾ ಅಂತ. ಅಲ್ಲೇ ಹೋಗ್ಯಾರ."

"ನಿಮ್ಮ ದೇವರ ಬ್ಯಾರೆ. ನೀವ ಯಾಕ ಬಂದ್ರಿ ಆಯಿ?"

"ಪೂಜಾ ಬಂದಾದ್ರ ಅಕ್ಕ ಅಳ್ತಾಳ್ರಿ. ಬಾಜೂ ಮನ್ಯಾಗ ಅತ್ರ ನಮ್ಮ ಗಂಟಲದಾಗ ತುತ್ತ ಇಳೀತೈತೇನು? ಈ ಯಪ್ಪಾನ್ನೂ ಒಯ್ತೀರಂತ. ಬಿಡ್ರಿ, ಇರ್ಲಿ ಪಾಪ. ನಮಗೇನೂ ತ್ರಾಸ ಇಲ್ಲ."

ಬಿಷಪ್ಪರು ಚಸ್ಮಾ ತಗದ್ರು, ಒರಸಿದ್ರು, ಆಮ್ಯಾಲ ಹೊಟ್ಟಿ ಹಿಡಕೊಂಡ ನಕ್ರು. ನಾ ಮಾತ್ರ ಅತ್ತಬಿಟ್ಟೆ. ಇಷ್ಟ ವರ್ಷ "ದೇವರಿಗೆ ಕೃತಜ್ಞತೆ" ಅಂತ ಬಾಯಿಲೆ ಅಂದಾಂವ, ಅವತ್ತ ಹೊಟ್ಟ್ಯಾಗಿಂದ ಅಂದೆ.

ಬಿಷಪ್ಪರು ಸಂಜೀತನಕ ಕುಂತ್ರು. ತ್ವಾಟದಿಂದ ನಮ್ಮವ್ರು ಮೈಕೈ ಎಲ್ಲಾ ಮಣ್ಣ ಮಾಡಿಕೊಂಡ ಬಂದು ಇಳದ್ರು. "ಸಂಜಿಗೆ ಬಂದವ್ರಿಗೂ ಪೂರಾ ಪಗಾರ ಅಂತ ನಾನ ಓದೀನಲ್ಲ" ಅಂದು, ಅವರ ಸಲುವಾಗಿ ಮತ್ತೊಮ್ಮಿ ಪೂಜಾ ಮಾಡಿದ್ರು. ಹೋಗೂ ಮುಂದ, "ಇಲ್ಲಿ ಪೂಜಾ ವಾರಾ ವಾರಾ ನಡೀಲಿ" ಅಂದ್ರು. ಅಕ್ಕ ಆಯೀನ್ನ ತೆಕ್ಕಿ ಹಾಯ್ದ್ಲು.

ಆಯಿ ಅಷ್ಟಕ್ಕ ಬಿಡ್ತಾಳೇನು? "ಇವತ್ತ ನಾವು ಫಾದರನ ಸಲುವಾಗೂ ಬಂದೀವ್ರಿ. ಮುಯ್ಯಿ ಮುಯ್ಯೀನ" ಅಂದ್ಲು. ಬಿಷಪ್ಪರು "ಖರೇ, ತೀರಸಬೇಕು" ಅಂತ ಅಪ್ಪಣೆ ಕೊಟ್ಟ ಹೋದ್ರು.

ಮರುದಿನ ಮುಂಜಾನೆ ನಾ ಆಯಿ ಹೊಲದಾಗ ಕಸ ತಗಿಯೂ ಕುರ್ಪಿ ಹಿಡಕೊಂಡ ಕುಂತೆ. ಎಳೇ ಜ್ವಾಳದ ಸಾಲು. ಬಗ್ಗಿಸಿದ ತಲಿ ಎತ್ತಲಾರದ ಕಸ ಕಿತ್ತಿದ್ದ ಕಿತ್ತಿದ್ದು. ಬೆವರ ಒರಸಿಕೊಂಡು, ಹೆಮ್ಮಿಲೆ ಆಯೀನ್ನ ಕರದು ತೋರಿಸಿದೆ.

ಆಯಿ ನನ್ನ ಸಾಲ ನೋಡಿದ್ಲು. ಹುಲ್ಲೆಲ್ಲಾ ಸೆಟದ ನಿಂತಿತ್ತು, ಜ್ವಾಳೆಲ್ಲಾ ಕಿತ್ತ ಬಿದ್ದಿತ್ತು. ಸಾವಕಾಶ ನನ್ನ ಕೈಯಾಗಿನ ಕುರ್ಪಿ ಇಸಗೊಂಡ್ಲು.

"ಏಳ್ರಿ ಯಪ್ಪಾ, ಮುಯ್ಯಿ ತೀರಿತು. ಬಿಷಪ್ಪಾವರು ಪೂಜಾ ಯಾಕ ಉಳಿಸ್ಯಾರ ಅಂತ ಈಗ ತಿಳೀತು. ನಿಮಗ ಅದೊಂದ ಕೆಲಸ ಬರ್ತೈತಿ."