ಹಂಚು ಬಿದ್ದ ಶಾಲಿಗೆ ಸಾಹೇಬ್ರು ಬಂದಿದ್ದು

ಹಾನಗಲ್ ತಾಲೂಕಿನ ನಮ್ಮೂರ ಸರಕಾರಿ ಶಾಲಿ ಕಮಿಟಿಗೆ ನಾ ಅಧ್ಯಕ್ಷಿ. ಅಧ್ಯಕ್ಷಿ ಆದಾಗಿಂದ ನಗು ಬರೂವಂಥಾವು ಒಂದಿಲ್ಲೊಂದು ನಡದ ನಡೀತಾವ. ನಕ್ಕ ಮ್ಯಾಲ ಮತ್ತ ಅರ್ಜಿ ಬರಿಯಾಕ ಕುಂದರ್ತೇವಿ, ಅಷ್ಟ. ಮಳ್ಯಾಗ ಶಾಲಿ ಹಂಚು ಜಾರಿ, ನಾಕನೇ ಇಯತ್ತೆ ಓದೋ ನನ್ನ ಮಗಳ ಮಗ್ಗಲದಾಗ ಬಿತ್ತು. ಒಂದು ಗೇಣು ಈಚೆ ಬಿದ್ದಿದ್ರ... ಬ್ಯಾಡ ಬಿಡ್ರಿ. ಅವತ್ತಿಂದ ಹೊಸಾ ಕೋಣಿ ಬೇಕಂತ ಬೆನ್ನ ಹತ್ತೇವಿ.

೧. ಹಳದಿ ವ್ಯಾನು

ಮೊದಲ ಸಲ ತಾಲೂಕಿನ ಶಿಕ್ಷಣ ಸಾಹೇಬ್ರ ಕಡೆ ಹೊಂಟಾಗ ಬಸ್ಸು ತಪ್ಪಿತು. ಕಾನ್ವೆಂಟ್ ವ್ಯಾನು ಓಡಸೋ ನಮ್ಮೂರಾಂವ, "ಹತ್ರಿ, ನಾನೂ ಅತ್ಲಾಗ ಹೊಂಟೇನಿ" ಅಂದ. ಕಮಿಟಿ ಮಂದಿ ಎಲ್ಲಾ ಹತ್ತಿದ್ವಿ. ಆಫೀಸಿನ ಮುಂದ ಇಳದ್ರ ಸಾಹೇಬ್ರು ಬಾಗಲದಾಗ ನಿಂತಾರ!

"ಯಾವ ಕಾನ್ವೆಂಟಿನವ್ರು ನೀವು?"

"ಸರಕಾರಿ ಶಾಲಿಯವ್ರಿ."

"ಮತ್ತ ಈ ವ್ಯಾನು?"

ನಾವು ಬಾಯಿ ತಗಿಯೂದ್ರಾಗ ಡ್ರೈವರ್ ಭಾಳ ಅಭಿಮಾನದಿಂದ, "ಇವರೂರ ಅರ್ಧಾ ಹುಡುಗ್ರು ನಮ್ಮ ಕಡೇನ ಬರ್ತಾರ್ರಿ ಸಾಹೇಬ್ರ" ಅಂದ.

೨. ಮಳಿ ಮತ್ತ ಬ್ಯಾಸಗಿ

ಮಳಿಗಾಲದಾಗ ಹೋದ್ರ ಸಾಹೇಬ್ರು, "ಈ ಮಳ್ಯಾಗ ಕೆಲಸಾ ಹೆಂಗ ಹಚ್ಚೂದವಾ? ಬ್ಯಾಸಗ್ಯಾಗ ಬರ್ರಿ" ಅಂದ್ರು. ಬ್ಯಾಸಗ್ಯಾಗ ಹೋದ್ವಿ. "ಈಗೇನು ಸೋರಾಕತ್ತಿಲ್ಲಲ್ಲ?" ಅಂದ್ರು.

ನನಗ ಅಳು ಬಂತು. ಕಮಿಟ್ಯಾಗಿನ ಟೇಲರ್ ಚಾಚಾ, ಅವರ ಮೊಮ್ಮಗನೂ ನಮ್ಮ ಶಾಲ್ಯಾಗ ಓದ್ತಾನ, ಟೋಪಿ ಸರಿ ಮಾಡ್ಕೊಂಡು ಎದ್ದು ನಿಂತ್ರು. "ನಡೀ ಬೇಟಿ. ಮುಂದಿನ ಸಲ ಬರುವಾಗ ಮಳಿನೂ ಸಂಗಾಟ ಕರಕೊಂಡು ಬರೂಣಂತ."

೩. ಸಾಹೇಬ್ರು ಬಂದ್ರು

ಕಡೀಕ ಒಂದಿನ ಸಾಹೇಬ್ರು ತಾವ ನೋಡಾಕ ಬರ್ತಾರಂತ ಫೋನ್ ಬಂತು. ಊರಿಗೆ ಊರ ಎದ್ದಿತು. ಸಾಹೇಬ್ರು ಬರೂಮುಂದ ಶಾಲಿ ಹೊಲಸ ಇದ್ರ ನಮ್ಮ ಮರ್ಯಾದಿ ಏನಾಗಬೇಕು? ಗೋಡಿಗೆ ಸುಣ್ಣ ಹೊಡದ್ರು. ಹಂಚು ಬಿದ್ದ ಕಿಂಡಿಗೆ ತಗಡ ಮುಚ್ಚಿ, ಕೆಳಗ ಮಾವಿನ ತೋರಣ ಕಟ್ಟಿದ್ರು. ಹೆಣ್ಣಮಕ್ಕಳು ಕೋಣಿ ತುಂಬ ರಂಗೋಲಿ ಹಾಕಿದ್ವಿ. ಹುಡುಗ್ರು ತುಳದು ಕೆಡಸ್ತಾರಂತ ಅವರನ್ನ ಹನಮಪ್ಪನ ಗುಡಿಗೆ ಕಳಿಸಿ, "ಮಾನಾ ತಗೀಬ್ಯಾಡ್ರಿ, ಪಿಟ್ಟ್ ಅನ್ನದ ಕುಂದರ್ರಿ" ಅಂತ ಹೇಳಿದ್ವಿ.

ಸಾಹೇಬ್ರು ಬಂದ್ರು. ಶೇಂಗಾ ಹೋಳಿಗಿ ಊಟಾ ಮಾಡಿದ್ರು. ಕೋಣಿ ನೋಡಿ, "ಆಹಾ, ಮದುವಿ ಮನಿ ಹಂಗ ಇಟ್ಟೀರಲ್ಲ!" ಅಂದ್ರು.

"ಸೋರತೈತ್ರಿ" ಅಂದೆ.

"ಎಲ್ಲೆ?" ಅಂದ್ರು. ನಾ ಮ್ಯಾಲ ಬಟ್ಟ ಮಾಡಿ ತೋರಿಸಿದೆ. ಅಲ್ಲಿ ತೋರಣ ಕಾಣ್ತು.

"ಮಕ್ಕಳೆಲ್ಲೆ?"

"ಗುಡ್ಯಾಗ ಅದಾರ್ರಿ."

ಗುಡಿಗೆ ನಡದ್ರು. ಹುಡುಗ್ರು ಕೈಕಟ್ಟಿ, ಸಾಲಿಗೆ ಸಾಲು ಕುಂತಿದ್ವು. ಒಂದಕ್ಕೂ ದನಿ ಇಲ್ಲ. ಸಾಹೇಬ್ರು ಹನಮಪ್ಪಗ ಕೈಮುಗದು ಅಂದ್ರು: "ಇಷ್ಟು ಛಲೋ ಜಾಗಾ ಐತಿ, ಮಕ್ಕಳೂ ಎಷ್ಟು ಶಾಂತ ಅದಾರ! ಹೊಸಾ ಕೋಣಿ ಅವಸರ ಏನಿಲ್ಲ ಬಿಡ್ರಿ. ಮಳ್ಯಾಗ ಇಲ್ಲೇ ಕುಂದ್ರಸ್ರಿ."

ಜೀಪು ಹೋತು. ಮೊದಲ ಚಾಚಾ ನಕ್ರು, ಆಮ್ಯಾಲ ಎಲ್ಲಾರೂ ನಕ್ವಿ. ನನಗಂತೂ ನಕ್ಕೋತ ನಕ್ಕೋತ ಕಣ್ಣಾಗ ನೀರು ಬಂದ್ವು, ನಿಲ್ಲಲೇ ಇಲ್ಲ. ಮಗಳು ಬಂದು ನನ್ನ ಸೆರಗ ಜಗ್ಗಿದ್ಲು.

"ಅವ್ವಾ, ನಾವು ಗದ್ಲಾ ಮಾಡಬೇಕಿತ್ತೇನ?"